ಒಡೆದ ಹಿಮ್ಮಡಿಗೆ ಮುರುಗಲು ತುಪ್ಪವೋ, ಟ್ಯೂಬ್ ಕ್ರೀಮೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮುರುಗಲು ತುಪ್ಪಕ್ಕೆ, ಅಂದರೆ ಕೋಕಂ ಹಣ್ಣಿನ ಬೀಜದಿಂದ ತೆಗೆಯುವ ತುಪ್ಪಕ್ಕೆ. ಆದರೆ ಅದಕ್ಕೆ ಬರುವ ಮೊದಲು ಎರಡು ಚಳಿಗಾಲ ಏನೇನೋ ಹಚ್ಚಿ ನೋಡಿದ್ದೇನೆ, ದುಡ್ಡೂ ಕಳೆದಿದ್ದೇನೆ.

ನಾನು ಕುಮಟೆಯವಳು. ಸಮುದ್ರದ ಬದಿಯ ಗಾಳಿಯಲ್ಲಿ ಸದಾ ಪಸೆ ಇರುತ್ತದೆ, ಅಲ್ಲಿ ನನ್ನ ಕಾಲು ಒಡೆದದ್ದೇ ನೆನಪಿಲ್ಲ. ಮದುವೆಯಾಗಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದ ಮೊದಲ ಡಿಸೆಂಬರಿನಲ್ಲೇ ಹಿಮ್ಮಡಿ ಬಿರಿಯಿತು. ರಾತ್ರಿ ಕಾಲು ಮಡಚಿದರೆ ಹೊದಿಕೆಯ ನೂಲು ಒಡಕಿಗೆ ಸಿಕ್ಕಿಕೊಂಡು ಎಳೆಯುತ್ತಿತ್ತು. ಬಲಗಾಲಿನ ಒಂದು ಸೀಳಿನಲ್ಲಿ ರಕ್ತವೂ ಬಂತು. ಅಂಗಾಲಿನ ಚರ್ಮದಲ್ಲಿ ಎಣ್ಣೆ ಗ್ರಂಥಿಗಳೇ ಇಲ್ಲ. ಒಣಗಿ ದಪ್ಪವಾದ ಚರ್ಮದ ಮೇಲೆ ಮೈಭಾರ ಬಿದ್ದಾಗ ಅದು ಸೀಳುತ್ತದೆ.

ತೆಂಗಿನೆಣ್ಣೆ ಸಾಲಲಿಲ್ಲ. ಹಚ್ಚಿದ ಅರ್ಧ ಗಂಟೆಗೆ ಚಾದರಕ್ಕೇ ಹೋಗಿರುತ್ತಿತ್ತು.

ಮೆಡಿಕಲ್ ಶಾಪಿನ ಯೂರಿಯಾ ಇರುವ ಕ್ರೀಮ್ ನಿಜವಾಗಿ ಕೆಲಸ ಮಾಡಿತು, ಅದನ್ನು ಒಪ್ಪಲೇಬೇಕು. ಯೂರಿಯಾ ನೀರಿನಂಶ ಹಿಡಿದಿಟ್ಟುಕೊಂಡು ದಪ್ಪ ಚರ್ಮವನ್ನು ಮೆತ್ತಗೆ ಮಾಡುತ್ತದೆ. ನಾಲ್ಕೇ ದಿನಕ್ಕೆ ವ್ಯತ್ಯಾಸ ಕಂಡಿತು. ಆದರೆ ಬಾಯಿ ಬಿಟ್ಟ ಸೀಳಿಗೆ ತಾಗಿದರೆ ಉರಿಯೋ ಉರಿ. 180 ರೂಪಾಯಿಯ ಟ್ಯೂಬು ಎರಡು ಕಾಲಿಗೆ ಹದಿನೈದು ದಿನವೂ ಬರಲಿಲ್ಲ. ಬಿಟ್ಟರೆ ವಾರಕ್ಕೆ ಮತ್ತೆ ಅದೇ ಕಥೆ.

ಬೇಜಾರಾದದ್ದು ಆನ್‌ಲೈನಿನಲ್ಲಿ ತರಿಸಿದ ‘ಕೋಕಂ ಬಟರ್’ ಕ್ರೀಮಿನಿಂದ. 450 ರೂಪಾಯಿ. ಘಮಘಮ ವಾಸನೆ. ಆಮೇಲೆ ಡಬ್ಬಿಯ ಹಿಂದೆ ಓದಿದೆ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರೆದಿರುತ್ತಾರೆ. ಇದರಲ್ಲಿ ಮೊದಲು ನೀರು, ಕೋಕಂ ಒಂಬತ್ತನೆಯದು! ಒಳ್ಳೆಯ ಮುರುಗಲು ತುಪ್ಪಕ್ಕೆ ಹೆಚ್ಚುಕಮ್ಮಿ ವಾಸನೆಯೇ ಇರುವುದಿಲ್ಲ. ನಮ್ಮ ಬೆಟ್ಟದಲ್ಲೇ ಬೆಳೆಯುವ ವಸ್ತುವಿಗೆ ನಾನು ಅಷ್ಟು ಕೊಟ್ಟೆನಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಆಗ ಅತ್ತೆ ಡಬ್ಬಿಯಿಂದ ಬೆಳ್ಳಗಿನ ಒಂದು ಗಟ್ಟಿ ತೆಗೆದುಕೊಟ್ಟರು. ನಿಂಬೆಹಣ್ಣಿನಷ್ಟು ದೊಡ್ಡದು, ಮೇಣದ ಉಂಡೆಯ ಹಾಗೆ. ಇದರ ಒಂದೇ ತೊಂದರೆ ಎಂದರೆ ಈ ಗಟ್ಟಿತನ. ಚಳಿಯಲ್ಲಿ ಉಗುರು ಊರಿದರೂ ಇಳಿಯುವುದಿಲ್ಲ. ಮೊದಲ ದಿನ ಹಿಮ್ಮಡಿಗೆ ಸೋಪಿನ ಹಾಗೆ ತಿಕ್ಕಿದೆ. ಸೀಳು ನೊಂದಿತೇ ಹೊರತು ತುಪ್ಪ ಹತ್ತಲಿಲ್ಲ. ಮರುದಿನ ಚಾಕುವಿನಿಂದ ಹೆರೆದು ಅಂಗೈಯಲ್ಲಿ ಉಜ್ಜಿದೆ. ಪುಡಿ ಪುಡಿಯಾಗಿ ನೆಲಕ್ಕೆ ಉದುರಿತು. ಅತ್ತೆ ನೋಡಿ, “ಕೂಸೇ, ಹಂಗೇ ತಿಕ್ಕಿರೆ ಆಗ್ತಿಲ್ಲೆ, ಕಾಸಿ ಹಚ್ಚವು” ಎಂದರು.

ಗ್ಯಾಸಿನ ಮೇಲೆ ಸೌಟಿನಲ್ಲಿ ಕಾಸಿದರೆ ಕ್ಷಣದಲ್ಲಿ ಕರಗುತ್ತದೆ, ಆದರೆ ಕೈ ಸುಡುವಷ್ಟು ಬಿಸಿ. ತಣಿಯಲಿ ಎಂದು ಬಿಟ್ಟು ಮಗಳ ಹೋಮ್‌ವರ್ಕ್ ನೋಡಿ ಬರುವಷ್ಟರಲ್ಲಿ ಮತ್ತೆ ಕಲ್ಲು. ದಿನಾ ಇದೇ ಆದರೆ ಯಾರಿಗೆ ಪುರಸೊತ್ತಿದೆ? ಕೊನೆಗೆ ಉಪಾಯ ಸಿಕ್ಕಿತು. ಸಂಜೆ ಸ್ನಾನಕ್ಕೆ ಹೋಗುವಾಗ ಸಣ್ಣ ಸ್ಟೀಲ್ ಬಟ್ಟಲಲ್ಲಿ ತುಪ್ಪ ಹಾಕಿ ಬಚ್ಚಲ ಹಂಡೆಯ ಮುಚ್ಚಳದ ಮೇಲಿಡುತ್ತೇನೆ. ಸ್ನಾನ ಮುಗಿಯುವಾಗ ಹದವಾಗಿ ಕರಗಿರುತ್ತದೆ. ಕಾಲು ಒರೆಸಿ, ಪಸೆ ಆರುವ ಮೊದಲು ಹಚ್ಚಿ, ಹಳೆಯ ಹತ್ತಿ ಸಾಕ್ಸ್ ಹಾಕುತ್ತೇನೆ. ಸಾಕ್ಸ್ ಬಿಡಬೇಡಿ, ಕೆಂಪು ಗಾರೆ ನೆಲದಲ್ಲಿ ಜಾರುತ್ತದೆ.

ಆ ಗಟ್ಟಿತನವೇ ಇದರ ಗುಣವೂ ಹೌದು. ಮುರುಗಲು ತುಪ್ಪ ಕರಗಲು ಸುಮಾರು 40 ಡಿಗ್ರಿ ಶಾಖ ಬೇಕು. ತೆಂಗಿನೆಣ್ಣೆಗೆ 24 ಸಾಕು. ಹಾಗಾಗಿ ಇದು ಕಾಲಿನ ಮೇಲೆ ಮತ್ತೆ ಹೆಪ್ಪುಗಟ್ಟಿ ಸೀಳಿನಲ್ಲೇ ಕೂರುತ್ತದೆ, ಒಳಗಿನ ಪಸೆ ಹೋಗಲು ಬಿಡುವುದಿಲ್ಲ. ಉರಿ ಇಲ್ಲ. ನನಗೆ ಪೂರ್ತಿ ಕೂಡಲು ಮೂರು ವಾರ ಹಿಡಿಯಿತು, ಕ್ರೀಮಿಗಿಂತ ನಿಧಾನವೇ. ಆದರೆ ಸಂತೆಯಲ್ಲಿ 120 ರೂಪಾಯಿಗೆ ತಂದ ಗಟ್ಟಿ ಇಡೀ ಚಳಿಗಾಲ ಬಂತು.

ಹಂಡೆ ಇಲ್ಲದೆ ಗೀಸರ್ ಇರುವವರು ಒಮ್ಮೆ ಕರಗಿಸಿ ಅಷ್ಟೇ ತೆಂಗಿನೆಣ್ಣೆ ಬೆರೆಸಿಡಿ, ಬೆರಳಿಗೆ ಬರುವಷ್ಟು ಮೆತ್ತಗಾಗುತ್ತದೆ. ಅದಕ್ಕೂ ಸಮಯವಿಲ್ಲದಿದ್ದರೆ ಯೂರಿಯಾ ಕ್ರೀಮೇ ಸರಿ.

ಸಕ್ಕರೆ ಕಾಯಿಲೆ ಇರುವವರು ಮಾತ್ರ ಇದ್ಯಾವುದನ್ನೂ ನಂಬಿ ಕೂರಬೇಡಿ. ನನ್ನ ಆಯಿಗೆ ಶುಗರ್ ಇದೆ. ಅವಳ ಕಾಲಲ್ಲಿ ಸಣ್ಣ ಒಡಕು ಕಂಡರೂ ಡಾಕ್ಟರಿಗೆ ತೋರಿಸುತ್ತೇವೆ. ನೋವು ಗೊತ್ತಾಗದೆಯೇ ಹುಣ್ಣಾಗಿಬಿಡುತ್ತದೆ.

ಈ ಸಲ ಮೇ ತಿಂಗಳಲ್ಲಿ ಶರಬತ್ತಿಗೆ ಹಣ್ಣು ಒಡೆದಾಗ ಬೀಜ ಎಸೆಯಲಿಲ್ಲ. ತೊಳೆದು ಒಣಗಿಸಿ ಅಟ್ಟದ ಮೇಲಿಟ್ಟಿದ್ದೇನೆ. ಸಿಪ್ಪೆ ತೆಗೆದು ಕುಟ್ಟಿ, ನೀರಲ್ಲಿ ಕುದಿಸಿ, ತೇಲಿದ ತುಪ್ಪ ತೆಗೆಯುವುದನ್ನು ದೀಪಾವಳಿ ಕಳೆದ ಮೇಲೆ ಅತ್ತೆ ಕಲಿಸುತ್ತಾರಂತೆ.