ಸೋಲುವ ತಂಡಕ್ಕೊಂದು ಗೋದಾಮು: ಹಾಸನದಲ್ಲಿ ಬುಲ್ಸ್ ಪಂದ್ಯ ನೋಡುವ ಜಾಗದ ವಿಮರ್ಶೆ

ಹಾಸನದ ಸಂತೇಪೇಟೆಯಿಂದ ಸ್ವಲ್ಪ ಆಚೆ, ಒಂದು ಕಾಲಕ್ಕೆ ಬಿತ್ತನೆ ಆಲೂಗಡ್ಡೆಯ ಮೂಟೆಗಳನ್ನು ಪೇರಿಸಿಡುತ್ತಿದ್ದ ತಗಡಿನ ಮಾಡಿನ ಗೋದಾಮೊಂದನ್ನು ಕಬಡ್ಡಿ ಆಡುವ ಹುಡುಗರ ಬಳಗವೊಂದು ಬಾಡಿಗೆಗೆ ಹಿಡಿದು ಅಭ್ಯಾಸಕ್ಕೆ ಬಳಸುತ್ತಿದೆ. ಪ್ರೊ ಕಬಡ್ಡಿ ಲೀಗ್ ನಡೆಯುವ ತಿಂಗಳುಗಳಲ್ಲಿ, ಬೆಂಗಳೂರು ಬುಲ್ಸ್ ಪಂದ್ಯವಿರುವ ರಾತ್ರಿ, ಅದೇ ಜಾಗದಲ್ಲಿ ಪ್ರೊಜೆಕ್ಟರ್ ಇಟ್ಟು, ಗೋಡೆಗೆ ಬಿಳಿ ಬಟ್ಟೆ ಬಿಗಿದು, ತಲೆಗಿಷ್ಟು ಎಂದು ಹಣ ಪಡೆದು ಪಂದ್ಯ ತೋರಿಸುತ್ತಾರೆ. 2024ರಲ್ಲಿ ಪ್ರವೇಶಕ್ಕೆ ಮೂವತ್ತು ರೂಪಾಯಿ ಇತ್ತು, 2025ರಲ್ಲಿ ಅರವತ್ತಾಯಿತು. ಎರಡರಲ್ಲೂ ಒಂದು ಲೋಟ ಕಾಫಿ ಸೇರಿತ್ತು. ಮನೆಯಲ್ಲಿ ಟಿವಿಯೂ ಕೈಯಲ್ಲಿ ಮೊಬೈಲೂ ಇರುವಾಗ ದುಡ್ಡು ಕೊಟ್ಟು ಗೋದಾಮಿಗೆ ಹೋಗಿ ಕುಳಿತುಕೊಳ್ಳುವುದು ಯಾವ ಸುಖಕ್ಕೆ ಎಂದು ಕೇಳುವವರಿದ್ದಾರೆ. ಎರಡು ಆವೃತ್ತಿಗಳ ಕಾಲ ಅಲ್ಲಿಗೆ ಹೋಗಿ ಬಂದವನಾಗಿ ಈ ವ್ಯವಸ್ಥೆಯ ಗುಣದೋಷಗಳನ್ನು ಬರೆಯುತ್ತಿದ್ದೇನೆ.

ಮೊದಲು ತಂಡದ ವಿಷಯ ಹೇಳಬೇಕು, ಏಕೆಂದರೆ ಬುಲ್ಸ್ ಅಭಿಮಾನಿಯ ಕಷ್ಟ ಬರೀ ಸೋಲಿನದಲ್ಲ, ದೂರದ್ದು ಕೂಡ. 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ತಂಡವನ್ನು 38–33ರಿಂದ ಮಣಿಸಿ ಬುಲ್ಸ್ ಆರನೇ ಆವೃತ್ತಿಯ ಪ್ರಶಸ್ತಿ ಗೆದ್ದಿತು. ಪವನ್ ಸೆಹ್ರಾವತ್ ಒಬ್ಬರೇ ಆ ಪಂದ್ಯದಲ್ಲಿ 22 ಅಂಕ ತಂದಿದ್ದರು. ಆದರೆ ಆ ಚಾಂಪಿಯನ್ ತಂಡ ತನ್ನ ತವರಿನ ಪಂದ್ಯಗಳನ್ನು ಆಡಿದ್ದು ಬೆಂಗಳೂರಿನಲ್ಲಲ್ಲ, ಪುಣೆಯಲ್ಲಿ. ಅದರ ಹಿಂದಿನ ವರ್ಷ ನಾಗಪುರದಲ್ಲಿ. ಕೋವಿಡ್ ಕಾಲದ ಎಂಟನೇ ಆವೃತ್ತಿ ಇಡಿಯಾಗಿ ಬೆಂಗಳೂರಿನಲ್ಲೇ ನಡೆಯಿತು, ಆದರೆ ವೈಟ್‌ಫೀಲ್ಡಿನ ಹೋಟೆಲೊಂದರ ಸಭಾಂಗಣದಲ್ಲಿ, ಒಬ್ಬ ಪ್ರೇಕ್ಷಕನೂ ಇಲ್ಲದೆ. 2024ರ ಹನ್ನೊಂದನೇ ಆವೃತ್ತಿ ಹೈದರಾಬಾದ್, ನೋಯ್ಡಾ ಮತ್ತು ಪುಣೆಗಳಿಗೆ ಸೀಮಿತವಾಯಿತು. 2025ರ ಹನ್ನೆರಡನೆಯದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗಳಲ್ಲಿ ಮುಗಿಯಿತು. ಹೆಸರಿನಲ್ಲಿ ಬೆಂಗಳೂರು ಇಟ್ಟುಕೊಂಡ ತಂಡವನ್ನು ಬೆಂಗಳೂರಿನವರೇ ಕಣ್ಣಾರೆ ನೋಡಲಾಗದಿದ್ದ ಮೇಲೆ, ನಾಲ್ಕು ಗಂಟೆ ಬಸ್ಸಿನಾಚೆ ಇರುವ ಹಾಸನದವರ ಪಾಡು ಕೇಳುವುದೇ ಬೇಡ. ಪಂದ್ಯದ ದಿನ ಎನ್ನುವುದನ್ನು ಲೀಗು ಕೊಡದಿದ್ದಾಗ ಊರೇ ಅದನ್ನು ಮಾಡಿಕೊಳ್ಳಬೇಕಾಗುತ್ತದೆ, ಮತ್ತು ಈ ಗೋದಾಮು ಮಾಡಿಕೊಂಡಿರುವುದು ಅದನ್ನೇ.

ಒಳಗಿನ ಏರ್ಪಾಡು ವಿಶಿಷ್ಟವಾದುದು. ಅಭ್ಯಾಸದ ಮ್ಯಾಟನ್ನು ತೆಗೆಯುವುದಿಲ್ಲ. ಚಪ್ಪಲಿಗಳನ್ನು ಬಾಗಿಲ ಬಳಿಯ ಗೋಣಿತಾಟಿನ ಮೇಲೆ ಬಿಟ್ಟು ಪ್ರೇಕ್ಷಕರು ಅದರ ಮೇಲೆಯೇ ಕೂರಬೇಕು. ಮಕ್ಕಳು ನಡುಗೆರೆಯ ಮುಂದೆ, ದೊಡ್ಡವರು ಅದರ ನಂತರದ ಗೆರೆಯಾದ ಬಾಕ್ ಲೈನಿನ ಹಿಂದೆ, ಮಂಡಿನೋವಿನವರಿಗೆ ಅಂಕಣ ಮುಗಿಯುವ ಎಂಡ್ ಲೈನಿನ ಆಚೆ ಪ್ಲಾಸ್ಟಿಕ್ ಕುರ್ಚಿಗಳು. ಒಂದಕ್ಕೊಂದು ಹಲ್ಲು ಕಚ್ಚಿಸಿ ಜೋಡಿಸಿದ ಮ್ಯಾಟಿನ ಚೌಕಗಳಲ್ಲಿ ಬಲ ಕಾರ್ನರಿನ ಜಾಗದ ಚೌಕ ಮಾತ್ರ ಸವೆದು ನುಣುಪಾಗಿದೆ, ಏಕೆಂದರೆ ಬಳಗದ ಅತ್ಯುತ್ತಮ ಆಟಗಾರ ಅಲ್ಲಿಯೇ ನಿಂತು ಎದುರಾಳಿಯ ಕಣಕಾಲು ಹಿಡಿಯುವ ಆ್ಯಂಕಲ್ ಹೋಲ್ಡ್ ಅಭ್ಯಾಸ ಮಾಡುತ್ತಾನೆ. ಆಟದ ಅಂಕಣದಲ್ಲೇ ಕುಳಿತು ಆಟ ನೋಡುವುದರ ಲಾಭ ಮೊದಲ ಹತ್ತು ನಿಮಿಷಗಳಲ್ಲೇ ತಿಳಿಯುತ್ತದೆ. ಪರದೆಯ ಮೇಲೆ ಎದುರಾಳಿಯ ಅಂಕಣಕ್ಕೆ ನುಗ್ಗಿದ ರೇಡರ್, ದಾಟಿದರೆ ಹೆಚ್ಚುವರಿ ಅಂಕ ಕೊಡುವ ಬೋನಸ್ ಗೆರೆಗೆ ಕಾಲು ಚಾಚಿದಾಗ ಆ ಗೆರೆ ನಮ್ಮ ಮೊಣಕಾಲ ಬಳಿಯೇ ಇರುತ್ತದೆ, ಎಷ್ಟು ದೂರ ಚಾಚಿದ ಎಂಬುದನ್ನು ಅಳೆಯಲು ಕ್ಯಾಮೆರಾದ ಕೋನವನ್ನು ನಂಬಬೇಕಿಲ್ಲ.

ಈ ಲಾಭವನ್ನು ಇಮ್ಮಡಿಸುವವರು ನಿವೃತ್ತ ದೈಹಿಕ ಶಿಕ್ಷಕರೊಬ್ಬರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ. ಬಳಗದ ಹುಡುಗರಲ್ಲಿ ಹಲವರು ಅವರ ಕೈಯಲ್ಲಿ ಶಾಲೆಯಲ್ಲಿ ಏಟು ತಿಂದವರೇ. ಬುಲ್ಸ್ ಡಿಫೆಂಡರ್ ಒಬ್ಬ ಆತುರಪಟ್ಟು ನುಗ್ಗಿ ಎದುರಾಳಿಗೆ ಎರಡು ಅಂಕ ಕೊಟ್ಟ ರಾತ್ರಿ ವಿರಾಮದಲ್ಲಿ ಮೇಷ್ಟ್ರು ಎದ್ದು, ಪಂಚೆ ಎತ್ತಿ ಕಟ್ಟಿ, ಒಬ್ಬ ಹುಡುಗನನ್ನು ರೇಡರ್ ಮಾಡಿ ನಿಲ್ಲಿಸಿಕೊಂಡರು. “ಲೋ ಮಗಾ, ಅವನ ಭಾರ ಮುಂದಿನ ಕಾಲಿಗೆ ಬರೋ ತನಕ ಕಾಯ್ಬೇಕು ಕಣೋ. ಮೊದಲೇ ಬಿದ್ರೆ ನಿನ್ನ ಜೊತೆ ಸರಪಳಿ ಹಿಡಿದೋನು ಒಂಟಿ ಆಗ್ತಾನೆ, ಅವನೂ ಔಟು ನೀನೂ ಔಟು,” ಎಂದು ಹುಡುಗನ ಹಿಮ್ಮಡಿ ಹಿಡಿದು ತೋರಿಸಿದರು. “ಮೇಷ್ಟ್ರೇ, ನೀವೇ ಹೋಗಿ ಕೋಚ್ ಆಗಿ ಬಿಡಿ,” ಎಂದು ಹಿಂದಿನಿಂದ ಯಾರೋ ಕೂಗಿದರು. ಇನ್ಯಾರೋ ಸಂಬಳ ಎಷ್ಟು ಎಂದು ಕೇಳಿದರು. ಟಿವಿಯ ತಜ್ಞರ ವಿಶ್ಲೇಷಣೆಯಲ್ಲಿ ಅಂಕಿಅಂಶ ಹೆಚ್ಚು, ಕಾಲು ಕಡಿಮೆ. ಮೂವತ್ತು ರೂಪಾಯಿಗೆ ಕಾಲಿನ ಪಾಠ ಸಿಗುತ್ತಿದ್ದುದು ಈ ಗೋದಾಮಿನಲ್ಲಿ ಮಾತ್ರ.

2024ರ ಅಕ್ಟೋಬರ್ 18ರಂದು ಹನ್ನೊಂದನೇ ಆವೃತ್ತಿ ಆರಂಭವಾದಾಗ ಇಲ್ಲಿ ಕಾಲಿಡಲು ಜಾಗವಿರಲಿಲ್ಲ. ಹರಾಜಿನಲ್ಲಿ 70 ಲಕ್ಷ ರೂಪಾಯಿಗೆ ಪ್ರದೀಪ್ ನರ್ವಾಲ್ ಬುಲ್ಸ್‌ಗೆ ಮರಳಿದ್ದರು, ಲೀಗಿನ ಇತಿಹಾಸದಲ್ಲಿ ಅತಿ ಹೆಚ್ಚು ರೇಡ್ ಅಂಕ ಗಳಿಸಿದವರು ಈಗ ನಮ್ಮ ನಾಯಕ ಎಂಬ ಹುಮ್ಮಸ್ಸು ಎಲ್ಲರಲ್ಲಿತ್ತು. ಎದುರಾಳಿ ತೆಲುಗು ಟೈಟನ್ಸ್. ಅದರ ನಾಯಕ, ಬುಲ್ಸ್‌ಗೆ ಪ್ರಶಸ್ತಿ ತಂದುಕೊಟ್ಟ ಅದೇ ಪವನ್. 37–29ರಿಂದ ಟೈಟನ್ಸ್ ಗೆದ್ದಿತು. ಮುಂದಿನದನ್ನು ವಿವರಿಸುವುದು ಸಂಕಟದ ಕೆಲಸ. 22 ಪಂದ್ಯಗಳಲ್ಲಿ 19 ಸೋಲು, ಎರಡು ಗೆಲುವು, ಒಂದು ಟೈ, ಹನ್ನೆರಡು ತಂಡಗಳ ಪಟ್ಟಿಯಲ್ಲಿ ಹನ್ನೆರಡನೇ ಸ್ಥಾನ. ಮೊದಲ ಆವೃತ್ತಿಯಿಂದ ತಂಡದ ಜೊತೆಗಿದ್ದ ಕೋಚ್ ರಣಧೀರ್ ಸಿಂಗ್ ಸೆಹ್ರಾವತ್ ಅವರ ಕಾಲ ಅಲ್ಲಿಗೆ ಮುಗಿಯಿತು.

ಆ ವರ್ಷ ಗೋದಾಮಿನ ಜನ ಕರಗಿದ ಬಗೆ ನೋಡತಕ್ಕದ್ದಾಗಿತ್ತು. ಬಾಡಿಗೆ ಜೆರ್ಸಿ ತೊಟ್ಟು ಸೆಲ್ಫಿಗೆ ಬಂದವರು ಎರಡನೇ ವಾರಕ್ಕೇ ಇರಲಿಲ್ಲ. ಅಷ್ಟರಲ್ಲಿ ಹಾಸನಾಂಬೆಯ ಬಾಗಿಲು ತೆರೆಯಿತು. ಊರಿಗೆ ಊರೇ ಭಕ್ತರ ಸಾಲಾಗಿ, ದೇವಸ್ಥಾನದ ಸುತ್ತಿನ ರಸ್ತೆಗಳಿಗೆ ಬ್ಯಾರಿಕೇಡ್ ಬಿದ್ದು, ಕುವೆಂಪು ನಗರದವರು ಈ ಕಡೆ ಬರಲು ಸುತ್ತು ಹಾಕಬೇಕಾಯಿತು. ದರ್ಶನಕ್ಕೆಂದು ಬಂದ ನೆಂಟರನ್ನು ಮನೆಯಲ್ಲಿ ಬಿಟ್ಟು ಸೋಲುವ ತಂಡದ ಪಂದ್ಯಕ್ಕೆ ಹೊರಡುವುದೆಂದರೆ ಮನೆಯಾಕೆಯ ಮುಂದೆ ಹೇಳಲು ಕಾರಣವಾದರೂ ಬೇಕಲ್ಲ. ಆದರೂ ಉಳಿದವರಿದ್ದರು. ಡಿಪೋದಿಂದ ನೇರವಾಗಿ ಖಾಕಿಯಲ್ಲೇ ಬರುತ್ತಿದ್ದ ಸಾರಿಗೆ ಸಂಸ್ಥೆಯ ಚಾಲಕರೊಬ್ಬರು, ಎಪಿಎಂಸಿಯಲ್ಲಿ ಹಮಾಲಿ ಮಾಡುವ ಅಣ್ಣತಮ್ಮಂದಿರು, ಬಳಗದ ಹುಡುಗರು, ಮೇಷ್ಟ್ರು, ಮತ್ತು ಪ್ರತಿ ಸೋಲಿಗೂ “ಇನ್ನು ಈ ಕಡೆ ತಲೆ ಹಾಕಲ್ಲ” ಎಂದು ಎದ್ದುಹೋಗಿ ಮುಂದಿನ ಪಂದ್ಯಕ್ಕೆ ಎಲ್ಲರಿಗಿಂತ ಮೊದಲು ಬಂದು ಕುಳಿತಿರುತ್ತಿದ್ದ ಔಷಧಿ ಅಂಗಡಿಯವರು. ತಂಡದ ಮೇಲಿನ ನಿಷ್ಠೆಯನ್ನು ಇವರು ದೊಡ್ಡ ಮಾತುಗಳಲ್ಲಿ ಹೇಳಿಕೊಂಡದ್ದನ್ನು ನಾನು ಕೇಳಿಲ್ಲ. ಬೈಯುವುದೇ ಅವರ ರೂಢಿ, ಆದರೆ ಬೈಗುಳದಲ್ಲಿ ವಿವರವಿರುತ್ತಿತ್ತು: ಅಂಕ ತರದಿದ್ದರೆ ರೇಡರೇ ಔಟಾಗುವ ಇಂಥ ಡೂ ಆರ್ ಡೈ ರೇಡಿನಲ್ಲಿ ಇಂಥ ಕವರ್ ಆಟಗಾರ ಯಾಕೆ ಹಿಂದೆ ಸರಿದ, ಮೂರೇ ಜನ ಉಳಿದು, ಹಿಡಿದರೆ ಹೆಚ್ಚುವರಿ ಅಂಕ ಸಿಗುವ ಸೂಪರ್ ಟ್ಯಾಕಲ್‌ಗೆ ಅವಕಾಶವಿದ್ದಾಗ ಯಾಕೆ ಹಿಡಿಯಲಿಲ್ಲ, ಇತ್ಯಾದಿ. ಗೆದ್ದಾಗ ಕೂಗುವ “ಫುಲ್ ಚಾರ್ಜ್ ಮಗಾ” ಘೋಷಣೆಯನ್ನು ಇವರು, ಬುಲ್ಸ್‌ನ ಎಲ್ಲರೂ ಔಟಾಗಿ ಎದುರಾಳಿಗೆ ಲೋನಾದ ಹೆಚ್ಚುವರಿ ಅಂಕ ಬಿಟ್ಟುಕೊಟ್ಟಾಗಲೇ ಹೆಚ್ಚು ಕೂಗುತ್ತಿದ್ದರು, ಅದರ ವ್ಯಂಗ್ಯವೂ ಪ್ರೀತಿಯೂ ಬೇರೆಬೇರೆಯಾಗಿ ಕೇಳಿಸುತ್ತಿರಲಿಲ್ಲ.

ತಿಂಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಫಿ ಚೆನ್ನಾಗಿದೆ, ಚಿಕೋರಿ ಸ್ವಲ್ಪ ಕಡಿಮೆ ಮಾಡಬಹುದು. ವಿರಾಮದಲ್ಲಿ ಸಿಗುವ ಮೆಣಸಿನಕಾಯಿ ಬಜ್ಜಿ ಬಿಸಿಯಾಗಿರುವುದು ಮೊದಲ ಸುತ್ತಿಗೆ ಮಾತ್ರ; ಒಂಬತ್ತರ ಪಂದ್ಯಕ್ಕೆ ಬಂದವರು ಚುರುಮುರಿಯನ್ನೇ ನಂಬುವುದು ಕ್ಷೇಮ. ಎಣ್ಣೆ ಕೈಯನ್ನು ಮ್ಯಾಟಿಗೆ ಒರೆಸಿದರೆ ಮರುದಿನ ಅಭ್ಯಾಸದಲ್ಲಿ ಕಾಲು ಜಾರುತ್ತದೆಂದು ಹುಡುಗರು ಪ್ರತಿಯೊಬ್ಬರಿಗೂ ಹಳೆಯ ಪತ್ರಿಕೆಯ ತುಂಡು ಕೊಡುತ್ತಾರೆ, ಇದು ಮೆಚ್ಚಬೇಕಾದ ಶಿಸ್ತು.

ದೋಷಗಳು ಸಣ್ಣವಲ್ಲ. ಅಕ್ಟೋಬರಿನ ಹಿಂಗಾರು ಮಳೆ ತಗಡಿನ ಮೇಲೆ ಬಿದ್ದರೆ ಕಾಮೆಂಟರಿಯ ಒಂದು ಪದವೂ ಕೇಳುವುದಿಲ್ಲ, ರೆಫ್ರಿಯ ಸೀಟಿಯೂ ಕೇಳುವುದಿಲ್ಲ, ಪರದೆಯ ಮೂಲೆಯ ಅಂಕಪಟ್ಟಿಯೇ ಗತಿ. ಇಂಟರ್‌ನೆಟ್ ಮೂಲಕ ಬರುವ ಚಿತ್ರ ಟಿವಿಗಿಂತ ಹಿಂದಿರುವುದರಿಂದ, ಪಕ್ಕದ ಮನೆಯಲ್ಲಿ ಟಿವಿ ನೋಡುತ್ತಿರುವವರ ಕೂಗು ನಮಗೆ ಮೊದಲೇ ಕೇಳಿ ರೇಡಿನ ಫಲಿತಾಂಶ ಬಯಲಾಗುತ್ತದೆ; ಮೂವತ್ತು ಸೆಕೆಂಡಿನ ರೇಡಿನಲ್ಲಿ ಇಷ್ಟು ತಡವೆಂದರೆ ಅರ್ಧ ಆಟವೇ ಹೋದಂತೆ. ಒಂದು ಡಿಶ್ ಸಂಪರ್ಕ ಹಾಕಿಸಿದರೆ ತೀರುವ ಸಮಸ್ಯೆ ಇದು, ಎರಡು ವರ್ಷದಿಂದ ಹಾಕಿಸುತ್ತೇವೆ ಎನ್ನುತ್ತಲೇ ಇದ್ದಾರೆ. ಶೌಚಾಲಯಕ್ಕೆ ಬಾಗಿಲಿನ ಬದಲು ಒಂದು ಫ್ಲೆಕ್ಸ್ ಇಳಿಬಿಟ್ಟಿದ್ದಾರೆ. ಹೆಣ್ಣುಮಕ್ಕಳು ಬಾರದಿರುವುದಕ್ಕೆ ಕಬಡ್ಡಿಯಲ್ಲಿ ಆಸಕ್ತಿ ಇಲ್ಲದಿರುವುದು ಕಾರಣ ಎಂದು ಬಳಗದವರು ಹೇಳುತ್ತಾರಾದರೂ ಕಾರಣ ಆ ಫ್ಲೆಕ್ಸ್ ಎಂದು ನನ್ನ ತಿಳಿವಳಿಕೆ. ಸಂಜೆ ಇದೇ ಮ್ಯಾಟಿನಲ್ಲಿ ಅಭ್ಯಾಸಕ್ಕೆ ಬರುವ ಕಾಲೇಜು ಹುಡುಗಿಯರು ಪಂದ್ಯದ ಹೊತ್ತಿಗೆ ಮನೆಗೆ ಹೋಗುವುದನ್ನು ಕಂಡಿದ್ದೇನೆ.

2025ರಲ್ಲಿ ಚಿತ್ರ ಬದಲಾಯಿತು. ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು; ಏಳನೇ ಆವೃತ್ತಿಯಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, ಹತ್ತನೆಯದರಲ್ಲಿ ಪುಣೇರಿ ಪಲ್ಟನ್‌ಗೆ ಪ್ರಶಸ್ತಿ ಗೆಲ್ಲಿಸಿಕೊಟ್ಟವರು. ಪ್ರದೀಪ್ ಅವರನ್ನು ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ, ಅವರು ನಿವೃತ್ತಿ ಘೋಷಿಸಿದರು. ಆಗಸ್ಟ್ 29ರಂದು ಪಲ್ಟನ್ ವಿರುದ್ಧದ ಮೊದಲ ಪಂದ್ಯವೇ 32–32ರಲ್ಲಿ ಸಮವಾಗಿ, ಲೀಗ್ ಹಂತಕ್ಕೆ ಹೊಸದಾಗಿ ತಂದ ಟೈಬ್ರೇಕರ್‌ಗೆ ಹೋಯಿತು. ತಂಡಕ್ಕೆ ಐದೈದು ರೇಡ್ ಎಂಬ ನಿಯಮ ತಿಳಿಯದೆ ಗೋದಾಮಿನಲ್ಲಿ ಗದ್ದಲವೆದ್ದಾಗ ಮೇಷ್ಟ್ರು ಬೆರಳು ಮಡಿಸುತ್ತ ಎಣಿಕೆ ಹೇಳಿದರು. 6–4ರಿಂದ ಅದನ್ನೂ ಸೋತೆವು. ಮತ್ತೆ ಅದೇ ಕಥೆ ಎಂದುಕೊಳ್ಳುವಷ್ಟರಲ್ಲಿ ತಂಡ ಚೇತರಿಸಿಕೊಂಡಿತು, ಇರಾನಿನ ಅಲಿರೆಜಾ ಮಿರ್ಜಾಯಿಯನ್ ರೇಡಿನಲ್ಲಿ ಮಿಂಚಿದರು, ಬುಲ್ಸ್ ಪ್ಲೇಆಫ್ ತಲುಪಿತು.

ತಂಡ ಗೆದ್ದಷ್ಟೂ ಗೋದಾಮಿನ ಸಂಜೆ ಕೆಟ್ಟಿತು ಎಂದರೆ ಕೆಲವರಿಗೆ ಸಿಟ್ಟು ಬರಬಹುದು, ಆದರೂ ನನ್ನ ಅಭಿಪ್ರಾಯ ಅದೇ. ಶುಲ್ಕ ಇಮ್ಮಡಿಯಾದದ್ದು ನನಗೆ ದೊಡ್ಡ ವಿಷಯವಲ್ಲ, ಬಾಡಿಗೆಯೂ ಏರಿದೆ. ಆದರೆ ಮೊದಲ ಸಾಲುಗಳಿಗೆ ಕಾಯ್ದಿರಿಸುವ ಪದ್ಧತಿ ತಂದು, ಸೋತ ವರ್ಷವಿಡೀ ಬಂದವರನ್ನು ಕಂಬದ ಹಿಂದಕ್ಕೆ ತಳ್ಳಿದ್ದು ತಪ್ಪು. ಡ್ಯೂಟಿ ಮುಗಿಸಿ ಬರುವ ಚಾಲಕರು ಮೊಬೈಲಿನಲ್ಲಿ ಮುಂಗಡ ಜಾಗ ಹಿಡಿಯುವವರಲ್ಲ. ಪ್ಲೇಆಫ್ ರಾತ್ರಿ ಅವರು ಬಾಗಿಲ ಬಳಿ ನಿಂತೇ ನೋಡಿದರು. ವಿರಾಮದ ಪಾಠವೂ ನಿಂತಿತು, ಮ್ಯಾಟಿನ ಮೇಲೆ ಹಿಮ್ಮಡಿ ಹಿಡಿಯುವಷ್ಟು ಜಾಗ ಉಳಿಯಲಿಲ್ಲ, ಆ ಹೊತ್ತಿಗೆ ಸಿನಿಮಾ ಹಾಡು ಹಾಕತೊಡಗಿದರು. ಅಭಿಮಾನಿಗಳನ್ನು ಸಂಖ್ಯೆಯಿಂದ ಅಳೆಯುವ ಕೆಲಸವನ್ನು ಲೀಗಿನ ಮಾಲೀಕರು ಮಾಡಿಕೊಳ್ಳಲಿ, ಹಾಸನದ ಹುಡುಗರಿಗೆ ಅದರ ಅಗತ್ಯವಿರಲಿಲ್ಲ.

2023ರ ಡಿಸೆಂಬರಿನಲ್ಲಿ ಹತ್ತನೇ ಆವೃತ್ತಿಯ ಪಂದ್ಯಗಳು ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಬಂದಾಗ ಅಲ್ಲಿಗೂ ಹೋಗಿದ್ದೆ. ಬೆಳಕು, ಡೋಲು, ಆಟಗಾರರ ಉಸಿರು ಕೇಳುವಷ್ಟು ಹತ್ತಿರ, ಅದಕ್ಕೆ ಸಾಟಿಯಿಲ್ಲ. ಆದರೆ ಪಂದ್ಯ ಮುಗಿದ ಮೇಲೆ ಮೆಜೆಸ್ಟಿಕ್ಕಿಗೆ ಹೋಗಿ ರಾತ್ರಿ ಬಸ್ಸು ಹಿಡಿದು ಬೆಳಗಿನ ಜಾವ ಹಾಸನ ಮುಟ್ಟುವ ಪ್ರೇಕ್ಷಕನಿಗೆ ಅದು ವರ್ಷಕ್ಕೊಮ್ಮೆಯ ಹಬ್ಬ; ಈಗ ಆ ಹಬ್ಬವೂ ತಪ್ಪಿದೆ. ಹೀಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಹೋಗುವುದಿಲ್ಲ.

ಹೋಗಬೇಕೆಂದಿರುವವರಿಗೆ ಇಷ್ಟು ಹೇಳಬಲ್ಲೆ. ಎಂಟರ ಪಂದ್ಯಕ್ಕೆ ಏಳೂವರೆಗೇ ಹೋಗಿ ಅಂಕಣದ ಎಡ ಅಂಚಿನ ಪಟ್ಟಿಯಾದ ಲಾಬಿಯ ಪಕ್ಕ ಕೂತರೆ ಕಂಬ ಅಡ್ಡ ಬರುವುದಿಲ್ಲ. ಕೂಗಾಟ ಬೇಕಾದವರು ದೊಡ್ಡ ಪಂದ್ಯ ಆರಿಸಿಕೊಳ್ಳಲಿ, ಆಟ ಕಲಿಯಬೇಕಾದವರು ವಾರದ ನಡುವಿನ ಪಂದ್ಯಕ್ಕೆ ಬಂದು ಮೇಷ್ಟ್ರ ಹತ್ತಿರ ಕುಳಿತುಕೊಳ್ಳಲಿ. ಐದರಲ್ಲಿ 2024ರ ವ್ಯವಸ್ಥೆಗೆ ನಾಲ್ಕು, 2025ರದಕ್ಕೆ ಎರಡೂವರೆ ಅಂಕ ಕೊಡುತ್ತೇನೆ. ಮುಂದಿನ ಆವೃತ್ತಿಯೊಳಗೆ ಡಿಶ್ ಹಾಕಿಸಿ, ಶೌಚಾಲಯಕ್ಕೆ ಬಾಗಿಲು ಕೂರಿಸಿ, ಮುಂದಿನ ಎರಡು ಸಾಲುಗಳನ್ನು ಕಾಯ್ದಿರಿಸದೆ ಮೊದಲು ಬಂದವರಿಗೆ ಬಿಟ್ಟರೆ, ಅರವತ್ತಲ್ಲ, ಎಂಬತ್ತು ಕೇಳಿದರೂ ಕೊಡಲು ನಮ್ಮ ಬೀದಿಯವರು ಸಿದ್ಧರಿದ್ದಾರೆ.