ಪೇಲಿಯೊ ತಟ್ಟೆಗೆ ಎರಡು ಬಿಸಿ ರೊಟ್ಟಿ: ಧಾರವಾಡದ ಒಂದು ಖಾನಾವಳಿ

ಖಾನಾವಳಿಗೆ ಹೋಗಿ ರೊಟ್ಟಿ ಬೇಡ ಅನ್ನೋದು ನಮ್ಮ ಧಾರವಾಡದಲ್ಲಿ ಸಣ್ಣ ವಿಷಯವಲ್ಲ. ಪೇಲಿಯೊ ಪಥ್ಯ ಹಿಡಿದಿರುವ ನಾನು ಓಟವಿಲ್ಲದ ದಿನ ಹಾಗೇ ಅನ್ನುತ್ತೇನೆ. ಓಡುವ ದಿನ ಎರಡು ರೊಟ್ಟಿ ಕೇಳುತ್ತೇನೆ. ಭಾನುವಾರದ ಉದ್ದ ಓಟ ಮುಗಿಸಿ ಬಂದರೆ ಜೊತೆಗೆ ಅನ್ನವೂ ಬೇಕು. ಈ ಲೆಕ್ಕವನ್ನೆಲ್ಲ ಹುಬ್ಬು ಗಂಟಿಕ್ಕದೆ ನಡೆಸಿಕೊಡುವ ಖಾನಾವಳಿ ಒಂದಿದೆ. ಹೆಸರು ಹಾಕುವುದಿಲ್ಲ, ಕೆಳಗೆ ಒಂದೆರಡು ಕಡೆ ಬೈದಿದ್ದೇನೆ. ಹಳೇ ಊರಿನ ಕಡೆ, ಆರು ಮೇಜು, ಗೋಡೆಗೆ ಬಸವಣ್ಣನ ಫೋಟೊ, ಒಲೆಯ ಮುಂದೆ ಮಾವಶಿ. ಗುರುತು ಇಷ್ಟು ಸಾಕು.

ಪೇಲಿಯೊ ಗೊತ್ತಿಲ್ಲದವರಿಗೆ ಎರಡು ಮಾತು. ಬೇಸಾಯ ಶುರುವಾಗುವ ಮೊದಲು ಮನುಷ್ಯ ತಿನ್ನುತ್ತಿದ್ದದ್ದನ್ನೇ ತಿನ್ನಬೇಕು ಅನ್ನುವ ವಾದ ಅದು. ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು, ಬೀಜ ನಡೆಯುತ್ತದೆ. ಧಾನ್ಯ, ಕಾಳು, ಹಾಲು, ಸಕ್ಕರೆ ನಡೆಯುವುದಿಲ್ಲ. 1985ರಲ್ಲಿ ಬಾಯ್ಡ್ ಈಟನ್, ಮೆಲ್ವಿನ್ ಕಾನರ್ ಎಂಬ ಇಬ್ಬರು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಈ ವಿಚಾರ ಬರೆದರು. ಆಮೇಲೆ ಲೊರೆನ್ ಕಾರ್ಡೇನ್ ಅದನ್ನು ಜನಪ್ರಿಯ ಮಾಡಿದರು. ಪಕ್ಕದ ತಮಿಳುನಾಡಿನಲ್ಲಿ ಹಬ್ಬಿದ ಪೇಲಿಯೊ ಬೇರೆ ಥರ. ಅಲ್ಲಿ ಬಾದಾಮಿ, ಪನೀರು, ತುಪ್ಪ ಎಲ್ಲ ಧಾರಾಳ. ನನ್ನದು ನಡುವಿನ ದಾರಿ. ಮನೆಯಲ್ಲಿ ಮೊಟ್ಟೆ, ಮೀನು, ಸೊಪ್ಪು, ಮತ್ತೆ ತುಪ್ಪ. ತುಪ್ಪ ಬಿಡು ಅಂದರೆ ನಾನು ಪೇಲಿಯೊವನ್ನೇ ಬಿಡುತ್ತೇನೆ.

ಓಡುವವರಿಗೆ ಮಾತ್ರ ಇದರಲ್ಲೊಂದು ತೊಡಕು ಇದೆ. ನಮ್ಮ ಸ್ನಾಯು ಮತ್ತು ಲಿವರ್ ಎರಡೂ ಸೇರಿ ಕೂಡಿಡುವ ಗ್ಲೈಕೋಜನ್, ಅಂದರೆ ಪಿಷ್ಟ, ಸಕ್ಕರೆಯಿಂದ ತುಂಬುವ ಇಂಧನದ ದಾಸ್ತಾನು, ಸುಮಾರು 400ರಿಂದ 500 ಗ್ರಾಂ. ಒಂದು ಗ್ರಾಮಿಗೆ 4 ಕ್ಯಾಲೊರಿಯಂತೆ ಹಿಡಿದರೆ 2,000 ಹತ್ತಿರ. ಓಡಲು ತೂಕದ ಒಂದು ಕಿಲೋಗೆ, ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ ಬೇಕು. ನನ್ನ ತೂಕ 58 ಕಿಲೋ. ಹಾಫ್ ಮ್ಯಾರಥಾನಿನ 21 ಕಿಲೋಮೀಟರಿಗೆ 1,200 ಕ್ಯಾಲೊರಿ ಆಯಿತು. ನಿಧಾನ ಓಡಿದರೆ ಅದರಲ್ಲಿ ಒಂದು ಪಾಲನ್ನು ಕೊಬ್ಬು ನೋಡಿಕೊಳ್ಳುತ್ತದೆ. ವೇಗ ಏರಿಸಿದರೆ ಗ್ಲೈಕೋಜನ್ನೇ ಗತಿ. ಬರೀ ಮೊಟ್ಟೆ, ಸೊಪ್ಪು ತಿಂದು ಮಲಗಿದರೆ ಆ ಕಣಜ ಪೂರ್ತಿ ತುಂಬಿರುವುದಿಲ್ಲ. ಕೆಲಗೇರಿ ಕೆರೆ ಕಡೆ ಬೆಳಗ್ಗೆ ಓಡುವಾಗ ಹನ್ನೆರಡನೇ ಕಿಲೋಮೀಟರಿಗೆ ಕಾಲು ಕಲ್ಲಾಗುತ್ತಿತ್ತು. ಉಸಿರು ಸರಿಯಾಗೇ ಇರುತ್ತಿತ್ತು, ಕಾಲು ಮಾತ್ರ ಏಳುತ್ತಿರಲಿಲ್ಲ. ಕಾರ್ಡೇನ್ ಅವರೇ 2005ರಲ್ಲಿ ಜೋ ಫ್ರೀಲ್ ಎಂಬ ಕೋಚ್ ಜೊತೆ ಸೇರಿ, ಆಟಗಾರರು ವ್ಯಾಯಾಮದ ಹೊತ್ತಿಗೆ ಪಿಷ್ಟ ತಿನ್ನಬಹುದು ಎಂದು ಸಡಿಲ ಬಿಟ್ಟಿದ್ದಾರೆ. ಗುರುಗಳೇ ಬಿಟ್ಟ ಮೇಲೆ ನಮ್ಮದೇನು!

ಪಿಷ್ಟ ಬೇಕಿದ್ದರೆ ಗೆಣಸು ತಿನ್ನಿ ಅನ್ನುತ್ತಾರೆ ಪೇಲಿಯೊದವರು. ತಿನ್ನುತ್ತೇನೆ. ಆದರೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಾ ಗೆಣಸು ತಿನ್ನೋದು ಕಷ್ಟ ಅಲ್ವಾ?

ಈಗ ರೊಟ್ಟಿಗೆ ಬರುತ್ತೇನೆ. ಇಲ್ಲಿ ಮಾವಶಿ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದುತ್ತಾರೆ. ಜೋಳದಲ್ಲಿ ಗ್ಲುಟೆನ್ ಅನ್ನುವ ಅಂಟಿನ ಪ್ರೋಟೀನ್ ಇಲ್ಲ, ಗೋಧಿಯ ಹಾಗೆ ಎಳೆಯಲು ಬರುವುದಿಲ್ಲ. ಬಿಸಿನೀರಿಗೆ ಪಿಷ್ಟ ಅಂಟಾಗಿಯೇ ಅದು ಹಿಡಿದುಕೊಳ್ಳಬೇಕು. ಹಿಟ್ಟು ಹಳೆಯದಾದರೆ ಜಿಗುಟು ಹೋಗಿ ಅಂಚು ಸೀಳುತ್ತದೆ. ಇಲ್ಲಿನ ರೊಟ್ಟಿಯ ಅಂಚು ನೋಡಿ: ಸೀಳಿಲ್ಲ, ಸುತ್ತ ಒಂದೇ ತೆಳು. ಮಾಲದಂಡಿ ಬಿಳಿಜೋಳ ತಂದು, ಬೇಕಾದಷ್ಟೇ ಬೀಸಿಸುತ್ತಾರಂತೆ. ಬಡಿದ ರೊಟ್ಟಿ ಹಂಚಿಗೆ ಬಿದ್ದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ. ನೀರು ಆರುವ ಹೊತ್ತಿಗೆ ತಿರುವಿ, ಕೊನೆಗೆ ಬೆಂಕಿಗೆ ಒರಗಿಸುತ್ತಾರೆ. ಉಬ್ಬಿದ್ದು ಸೀದಾ ತಟ್ಟೆಗೆ ಬರುತ್ತದೆ. ಮೇಲಿನ ಪದರ ಹರಿದರೆ ಒಳಗಿಂದ ಆವಿ.

ಒಂದು ರೊಟ್ಟಿಗೆ ಸುಮಾರು 50 ಗ್ರಾಂ ಹಿಟ್ಟು ಹೋಗುತ್ತದೆ ಅಂತ ಮಾವಶಿ ಲೆಕ್ಕ. ಜೋಳದ ಹಿಟ್ಟಿನಲ್ಲಿ ನೂರಕ್ಕೆ 70ರಷ್ಟು ಕಾರ್ಬೋಹೈಡ್ರೇಟ್, 10ರಷ್ಟು ಪ್ರೋಟೀನ್. ಅಂದರೆ ಎರಡು ರೊಟ್ಟಿಗೆ 70 ಗ್ರಾಂ ಕಾರ್ಬ್. ನನ್ನ ತೂಕಕ್ಕೆ ಕಿಲೋಗೆ ಒಂದು ಗ್ರಾಮಿಗಿಂತ ಸ್ವಲ್ಪ ಜಾಸ್ತಿ. ದಣಿದ ಸ್ನಾಯುವಿಗೆ ಓಟದ ಮೇಲಿನ ಮೊದಲ ಗಂಟೆಗೆ ಬೇಕು ಅನ್ನುವ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ.

ಆದರೆ ಯಾವಾಗ ತಿನ್ನಬೇಕು ಅನ್ನುವುದರಲ್ಲೇ ಎಲ್ಲ ಇದೆ. ಉದ್ದ ಓಟದ ಹಿಂದಿನ ರಾತ್ರಿಗೆ ರೊಟ್ಟಿಯಂಥದ್ದು ಇಲ್ಲ. ನಿಧಾನ ಕರಗುತ್ತದೆ, ರಾತ್ರಿ ಹಸಿವು ಎಬ್ಬಿಸುವುದಿಲ್ಲ, ಬೆಳಗ್ಗೆ ಕಾಲು ಮಾತು ಕೇಳುತ್ತದೆ. ಓಟಕ್ಕೆ ಒಂದು ಗಂಟೆ ಮೊದಲು ಮಾತ್ರ ಬೇಡವೇ ಬೇಡ. ನಾರು ಜಾಸ್ತಿ, ಹೊಟ್ಟೆ ಭಾರ. ಆ ಹೊತ್ತಿಗೆ ಬಾಳೆಹಣ್ಣೇ ಸರಿ. ಓಡಿ ಬಂದ ಮೇಲೆ ಬೇಗ ತುಂಬಿಕೊಳ್ಳಬೇಕು ಅಂದರೆ ಬಿಳಿ ಅನ್ನ ವಾಸಿ. 200 ಗ್ರಾಂ ಅನ್ನಕ್ಕೆ 55 ಗ್ರಾಂ ಕಾರ್ಬ್, ನಾರು ಇಲ್ಲವೆನ್ನುವಷ್ಟು ಕಡಿಮೆ. ಪೇಲಿಯೊದವರಲ್ಲೂ ಎಷ್ಟೋ ಮಂದಿ ಅನ್ನಕ್ಕೆ ರಿಯಾಯಿತಿ ಕೊಟ್ಟಿದ್ದಾರೆ.

ಜೋಳ ಬೇಸಾಯದ ಬೆಳೆ, ಅದು ಹೇಗೆ ಪೇಲಿಯೊ ಅಂತ ಓಟದ ಗೆಳೆಯರು ಕಾಲೆಳೆಯುತ್ತಾರೆ. ಅವರಿಗೆ ನಾನು ಮೊಜಾಂಬಿಕ್ ತೋರಿಸುತ್ತೇನೆ. ಅಲ್ಲಿನ ಒಂದು ಗುಹೆಯಲ್ಲಿ ಸಿಕ್ಕ ಕಲ್ಲಿನ ಉಪಕರಣಗಳ ಮೇಲೆ ಕಾಡುಜೋಳದ ಪಿಷ್ಟದ ಕಣಗಳಿದ್ದವು ಅಂತ 2009ರಲ್ಲಿ ವರದಿಯಾಯಿತು. ವಯಸ್ಸು ಒಂದು ಲಕ್ಷ ವರ್ಷ. ಅದನ್ನು ಆ ಕಾಲದ ಮನುಷ್ಯರು ತಿನ್ನುತ್ತಿದ್ದರು ಅನ್ನುವುದನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ನಿಜ. ಗಲಿಲೀ ಸಮುದ್ರದ ದಂಡೆಯಲ್ಲಿ 23,000 ವರ್ಷ ಹಿಂದೆ ಕಾಡು ಬಾರ್ಲಿ ಅರೆದ ಕಲ್ಲಿನ ಬಗ್ಗೆ ಅಷ್ಟು ತಕರಾರಿಲ್ಲ. ಅದು ಬೇಸಾಯಕ್ಕಿಂತ ಎಷ್ಟೋ ಮೊದಲು.

ರೊಟ್ಟಿ ಬಿಟ್ಟು ತಟ್ಟೆಯ ಉಳಿದ ಭಾಗ ಅರ್ಧ ಚಿನ್ನ, ಅರ್ಧ ತಲೆನೋವು. ಪಚಡಿ ಚಿನ್ನ: ಹಸಿ ಮೆಂತ್ಯೆ, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ. ಸಿಕ್ಕ ದಿನ ಹಕ್ಕರಕಿ ಸೊಪ್ಪೂ ಇರುತ್ತದೆ. ಯಾರೂ ಬಿತ್ತದೆ ಹೊಲದಲ್ಲಿ ಎದ್ದ ಸೊಪ್ಪು. ಇದಕ್ಕಿಂತ ಪೇಲಿಯೊ ಇನ್ನೇನು ಬೇಕು? ಗುರೆಳ್ಳು ಚಟ್ನಿಪುಡಿ, ಅಗಸಿ ಚಟ್ನಿಪುಡಿ ಎರಡೂ ಬೀಜದವು, ಧೈರ್ಯವಾಗಿ ಹಾಕಿಸಿಕೊಳ್ಳಿ.

ತಲೆನೋವು ಶೇಂಗಾ. ಅದು ಕಾಳಿನ ಜಾತಿ, ಪೇಲಿಯೊಗೆ ಆಗದು. ಇಲ್ಲಿ ಎಣ್ಣೆಗಾಯಿಯೊಳಗೆ ಶೇಂಗಾ, ಪಲ್ಯದ ಮೇಲೆ ಶೇಂಗಾ, ಒಮ್ಮೊಮ್ಮೆ ಪಚಡಿಗೂ ಶೇಂಗಾ ಪುಡಿ. ಬೇಡ ಅಂತ ಮೊದಲೇ ಹೇಳಿದರೂ ಬಡಿಸುವ ಹುಡುಗ ಮರೆಯುತ್ತಾನೆ. ಎಣ್ಣೆಗಾಯಿಗೆ ಬೆಲ್ಲವೂ ಕೈತುಂಬ. ಝುಣಕ ಕಡಲೆಹಿಟ್ಟು, ಮಡಕಿ ಕಾಳು ಹೇಗೂ ಕಾಳೇ. ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕುತ್ತಾರೆ. ಅದನ್ನು ರೊಟ್ಟಿಯ ಲೆಕ್ಕಕ್ಕೆ ಸೇರಿಸಿ. ಇದು ಶಾಕಾಹಾರಿ ಜಾಗ, ಕಾಳು ಬಿಟ್ಟರೆ ಪ್ರೋಟೀನಿಗೆ ದಾರಿಯೇ ಇಲ್ಲ. ನಾನು ಮನೆಯಲ್ಲಿ ಮೊಟ್ಟೆ ತಿಂದು ಬರುತ್ತೇನೆ. ಮಾಂಸ ಬೇಕಾದವರಿಗೆ ಸಾವಜಿ ಖಾನಾವಳಿಗಳಿವೆ. ಆದರೆ ಆ ಖಾರ ತಿಂದು ಮರುದಿನ ಬೆಳಗ್ಗೆ ಐದಕ್ಕೆ ಓಡುವ ಗಂಡೆದೆ ನನಗಿಲ್ಲ.

ಇನ್ನೊಂದು ದೂರು ಅನ್ನದ್ದು. ರೊಟ್ಟಿಗೆ ಕೊಡುವ ಮರ್ಯಾದೆಯಲ್ಲಿ ಕಾಲುಭಾಗವನ್ನೂ ಅನ್ನಕ್ಕೆ ಕೊಡುವುದಿಲ್ಲ. ಬಹಳ ಸಲ ಆರಿ ಗಟ್ಟಿಯಾಗಿರುತ್ತದೆ. ಹೇಳಿದೆ. ಮಾವಶಿ ತಿರುಗಿ ನೋಡದೆ, "ಅನ್ನಾ ತಿನ್ನಾಕ ಬ್ಯಾರೆ ಕಡೆ ಹೋಗ್ರಿ ಟೀಚರ್, ಇಲ್ಲಿ ರೊಟ್ಟಿ ತಿನ್ರಿ" ಅಂದರು. ಆಮೇಲೆ ಒಳಗೆ ಹೋಗಿ ಬಿಸಿ ಅನ್ನವನ್ನೇ ತಂದು ಹಾಕಿದರು, ಅದೂ ನಿಜ.

ಅವರಿಗೆ ಪೇಲಿಯೊ ಏನೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ನಾನು ಒಳಗೆ ಬಂದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಇವತ್ತ ಓಡೂ ದಿನಾನೋ, ಕುಂದ್ರೂ ದಿನಾನೋ?" ಕುಂದ್ರೂ ದಿನ ಅಂದರೆ ರೊಟ್ಟಿಯ ಬದಲು ಪಚಡಿ ಮತ್ತೆ ಸೊಪ್ಪಿನ ಪಲ್ಯ ದುಪ್ಪಟ್ಟು ಬರುತ್ತದೆ. ದುಡ್ಡು ಅಷ್ಟೇ. ಬೆಂಗಳೂರಿನಲ್ಲಿ ಡಬ್ಬಿಗೆ ಡಯಟ್ ಅಂತ ಚೀಟಿ ಅಂಟಿಸಿ ಇದರ ಮೂರುಪಟ್ಟು ಕೇಳುವವರಿದ್ದಾರೆ, ಅವರ ಹತ್ತಿರ ಹೀಗೆ ಅದಲುಬದಲು ಮಾಡಿಸಿಕೊಳ್ಳಿ ನೋಡೋಣ.

ಕಟ್ಟಿಸಿಕೊಂಡು ಹೋಗಲು ಕಡಕ್ ರೊಟ್ಟಿಯೂ ಇದೆ. ಹಪ್ಪಳದಷ್ಟು ತೆಳು, ಒಣ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ. ಬೇರೆ ಊರಿಗೆ ಓಟಕ್ಕೆ ಹೋಗುವಾಗ ಒಯ್ಯುತ್ತೇನೆ. ತೆಳು ಅಂತ ಮೋಸ ಹೋಗಬೇಡಿ, ಕರುಂ ಕುರುಂ ಅನ್ನುತ್ತಾ ನಾಲ್ಕು ಖಾಲಿಯಾದದ್ದು ಗೊತ್ತೇ ಆಗುವುದಿಲ್ಲ. ಜೊತೆಗೆ ನೀರು ಜಾಸ್ತಿ ಕುಡಿಯಿರಿ. ಓಡುತ್ತಾ ತಿನ್ನಲು ಇದು ಆಗದು, ಗಂಟಲು ಹಿಡಿಯುತ್ತದೆ.

ಊಟಕ್ಕೆ 110 ರೂಪಾಯಿ, ಹೆಚ್ಚಿನ ರೊಟ್ಟಿಗೆ 15. ನಗದು ಇದ್ದರೆ ಒಳ್ಳೆಯದು, ಸ್ಕ್ಯಾನರ್ ಚೀಟಿ ಗೋಡೆಯಲ್ಲಿದೆ, ನೆಟ್‌ವರ್ಕ್ ಇಲ್ಲ. ಮಧ್ಯಾಹ್ನ ಎರಡರ ಮೇಲೆ ಹೋದರೆ ಬಿಸಿ ರೊಟ್ಟಿ ಮುಗಿದಿರುತ್ತದೆ, ಕಡಕ್ ರೊಟ್ಟಿಯೇ ಗತಿ. ರಾತ್ರಿ ಎಂಟಕ್ಕೆ ಹೋಗಿ, ಒಲೆ ಆಗ ಚೆನ್ನಾಗಿ ಕಾದಿರುತ್ತದೆ. ಶೇಂಗಾ ಬೇಡ ಅನ್ನುವುದನ್ನು ಹುಡುಗನಿಗಲ್ಲ, ಸೀದಾ ಮಾವಶಿಗೇ ಹೇಳಿ.