ಬಸವನಗುಡಿಯಲ್ಲಿ ಒಂದು ದಿನದ ರೊಂಗೊರೊಂಗೊ ಕಾರ್ಯಾಗಾರ: ಚಂದ್ರನ ಪಾಠಕ್ಕೆ ಪೂರ್ತಿ ಅಂಕ, ಸೂರ್ಯನ ಪಾಠಕ್ಕೆ ಇಲ್ಲ

ಕಳೆದ ಭಾನುವಾರ ಗಾಂಧಿ ಬಜಾರ್ ಹತ್ತಿರ ಒಂದು ಮನೆಯ ಮಹಡಿ ಮೇಲೆ ನಡೆದ ಕಾರ್ಯಾಗಾರಕ್ಕೆ ಹೋಗಿದ್ದೆ. ವಿಷಯ ರೊಂಗೊರೊಂಗೊ, ಅಂದರೆ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದವರು ಮರದ ಹಲಗೆಗಳ ಮೇಲೆ ಕೆತ್ತುತ್ತಿದ್ದ ಬರಹ. ಇವತ್ತಿಗೂ ಯಾರಿಗೂ ಅದನ್ನು ಓದಲು ಬಂದಿಲ್ಲ. ಅದರಲ್ಲಿ ಕ್ಯಾಲೆಂಡರ್ ಇದೆಯಾ, ಇದ್ದರೆ ಚಾಂದ್ರಮಾನವಾ ಸೌರಮಾನವಾ ಅನ್ನುವುದೇ ದಿನದ ಪ್ರಶ್ನೆ. ಫೀಸು 1,500 ರೂಪಾಯಿ, ಊಟ ಸೇರಿ. ನಡೆಸುವವರ ಹೆಸರು ಇಲ್ಲಿ ಹಾಕುವುದಿಲ್ಲ. ನನ್ನ ತಕರಾರು ಮಧ್ಯಾಹ್ನದ ಪಾಠದ ಬಗ್ಗೆ ಮಾತ್ರ, ಅದನ್ನು ಅವರಿಗೇ ನೇರವಾಗಿ ಹೇಳಿ ಬಂದಿದ್ದೇನೆ. ಆದರೆ ಇಂಥ ವಿಷಯಕ್ಕೆ ದುಡ್ಡು ಕೊಟ್ಟು ಹೋಗುವವರು ಏನು ಸಿಗುತ್ತದೆ ಅಂತ ತಿಳಿದು ಹೋಗಲಿ ಅಂತ ಬರೆಯುತ್ತಿದ್ದೇನೆ.

ಬೆಳಗ್ಗೆ 10ಕ್ಕೆ ಶುರು. ಇಪ್ಪತ್ತು ಜನ ಇದ್ದೆವು. ಕೈಗೆ ಮೊದಲು ಬಂದದ್ದು ಒಂದು ಮರದ ತುಂಡು, ಅಂಗೈಗಿಂತ ಸ್ವಲ್ಪ ದೊಡ್ಡದು, ಅದರ ಮೇಲೆ ನಾಲ್ಕು ಸಾಲು ಗುರುತುಗಳನ್ನು ಕೆತ್ತಿಸಿದ್ದರು. ಎಡಗಡೆ ಕೆಳಗಿನ ಮೂಲೆಯಿಂದ ಬೆರಳಿಟ್ಟುಕೊಂಡು ಹೋಗಿ ಅಂದರು ಪಾಠ ಮಾಡಿದ ಮೇಡಂ. ಮನುಷ್ಯ, ಹಕ್ಕಿ, ಮೀನು, ಮತ್ತೆ ಮನುಷ್ಯ. ಸಾಲಿನ ಕೊನೆಗೆ ಬಂದ ಮೇಲೆ ಮುಂದಿನ ಸಾಲು ನೋಡಿದರೆ ಮನುಷ್ಯರೆಲ್ಲ ತಲೆಕೆಳಗು! "ಈಗ ಹಲಗೆಯನ್ನೇ ತಿರುಗಿಸಿ" ಅಂದರು. ಮೇಲಿನದು ಕೆಳಗೆ ಬರುವ ಹಾಗೆ ತಿರುಗಿಸಿದೆ, ಎಲ್ಲರೂ ನೆಟ್ಟಗೆ ನಿಂತರು. ಎತ್ತು ಹೊಲದಲ್ಲಿ ಸಾಲು ಮುಗಿಸಿ ಹಿಂದಿರುಗಿ ಬರುತ್ತದಲ್ಲ, ಓದು ಹಾಗೇ ಹೋಗುತ್ತದೆ, ಆದರೆ ಇಲ್ಲಿ ಪ್ರತಿ ಸಾಲಿಗೂ ಹೊಲವನ್ನೇ ತಿರುಗಿಸಬೇಕು. ಇದನ್ನು ಎಷ್ಟೋ ಸಲ ಓದಿದ್ದೆ. ಕೈಯಲ್ಲಿ ಮಾಡಿದಾಗ ಗೊತ್ತಾದದ್ದೇ ಬೇರೆ. ಎರಡೇ ನಿಮಿಷದಲ್ಲಿ ಬೆರಳುಗಳಿಗೆ ಅಭ್ಯಾಸವಾಗಿಬಿಟ್ಟಿತು.

ಮರ ಕೂಡ ಸುಮ್ನೆ ಆರಿಸಿದ್ದಲ್ಲ. ಹೂವರಸಿ ಮರ. ನಮ್ಮ ಕರಾವಳಿಯಲ್ಲಿ ಬೆಳೆಯುವ ಅದೇ ಹಳದಿ ಹೂವಿನ ಮರ ಪೆಸಿಫಿಕ್ ದ್ವೀಪಗಳಲ್ಲೂ ಬೆಳೆಯುತ್ತದೆ. ಮಮಾರಿ ಅಂತ ಕರೆಯುವ ಹೆಸರಾಂತ ಹಲಗೆ ಹೂವರಸಿಯದ್ದೇ. ಇಷ್ಟು ಕಾಳಜಿ ಮಾಡಿದವರಿಗೆ ಮೊದಲ ಮೆಚ್ಚುಗೆ.

ಇತಿಹಾಸವನ್ನು ಅರ್ಧ ಗಂಟೆಯಲ್ಲಿ ಮುಗಿಸಿದರು, ಸರಿಯಾಗಿಯೇ ಮುಗಿಸಿದರು. 1862ರಲ್ಲಿ ಪೆರುವಿನಿಂದ ಹಡಗುಗಳು ಬಂದು ದ್ವೀಪದ ಜನರನ್ನು ಗುಲಾಮಗಿರಿಗೆ ಹಿಡಿದುಕೊಂಡು ಹೋದವು. ಹಿಂದಿರುಗಿದ ಕೆಲವರ ಜೊತೆ ಸಿಡುಬು ಬಂತು. 1864ರಲ್ಲಿ ಎಜೆನ್ ಎರೋ ಅನ್ನುವ ಮಿಷನರಿ ಮನೆಮನೆಯಲ್ಲೂ ಕೆತ್ತಿದ ಹಲಗೆಗಳನ್ನು ಕಂಡ. 1877ರ ಹೊತ್ತಿಗೆ ದ್ವೀಪದಲ್ಲಿ ಉಳಿದವರು 111 ಜನ. ಓದಬಲ್ಲವರು ಆ ನಡುವೆಯೇ ಹೋಗಿಬಿಟ್ಟಿದ್ದರು. ಇವತ್ತು ಉಳಿದಿರುವ ಬರಹಗಳು ಎರಡು ಡಜನ್‌ನಷ್ಟು, ಒಂದೂ ಆ ದ್ವೀಪದಲ್ಲಿಲ್ಲ, ಎಲ್ಲ ಹೊರದೇಶಗಳ ಮ್ಯೂಸಿಯಂ, ಸಂಗ್ರಹಗಳಲ್ಲಿವೆ. ಇದನ್ನು ಹೇಳುವಾಗ ಮೇಡಂ ದನಿ ಸ್ವಲ್ಪ ತಗ್ಗಿತು. ನನಗೂ ಗಂಟಲು ಕಟ್ಟಿತು.

ಆಮೇಲೆ ಮಮಾರಿ. ಇಡೀ ದಿನದ ಜೀವಾಳ ಇದೇ. ಒಂದೊಂದು ಕಡೆಗೆ 14 ಸಾಲು, ಒಟ್ಟು ಸುಮಾರು 1,000 ಗುರುತು. ಅದರ ಒಂದು ಭಾಗದಲ್ಲಿ ಅರ್ಧಚಂದ್ರದ ಗುರುತು ಮತ್ತೆ ಮತ್ತೆ ಬರುತ್ತದೆ. 1958ರಲ್ಲಿ ಜರ್ಮನಿಯ ಥಾಮಸ್ ಬಾರ್ಥೆಲ್ ಇದು ತಿಂಗಳ ರಾತ್ರಿಗಳ ಪಟ್ಟಿ ಅಂತ ಗುರುತಿಸಿದರು, 1990ರಲ್ಲಿ ಜಾಕ್ ಗೀ ಅದರ ಒಳಲೆಕ್ಕ ಬಿಡಿಸಿದರು. ನಮ್ಮ ಕೈಗೆ ಜೆರಾಕ್ಸ್ ಕೊಟ್ಟು, ಪೆನ್ಸಿಲಿನಲ್ಲಿ ಅರ್ಧಚಂದ್ರಗಳನ್ನು ಎಣಿಸಿ ಅಂದರು. ಎಣಿಸುತ್ತಾ ಹೋದರೆ ನಡುನಡುವೆ ಒಂದು ಮೀನು ಸಿಗುತ್ತದೆ. ಮೊದಮೊದಲು ಮೀನಿನ ತಲೆ ಮೇಲೆ. ಒಂದು ಜಾಗ ದಾಟಿದ ಮೇಲೆ ತಲೆ ಕೆಳಗೆ. ಆ ಜಾಗವೇ ಹುಣ್ಣಿಮೆ! ಅಲ್ಲಿವರೆಗೆ ಶುಕ್ಲಪಕ್ಷ, ಆಮೇಲೆ ಕೃಷ್ಣಪಕ್ಷ. ಹುಣ್ಣಿಮೆಯ ಗುರುತಿನ ಒಳಗೆ ಒಂದು ಕೂತ ಆಕೃತಿ ಇದೆ, ಆಕಾಶದಲ್ಲಿ ಒಲೆ ಹೊತ್ತಿಸುವ ಮುದುಕಿ ಅಂತ ಅದಕ್ಕೆ ವಿವರಣೆ. ನಮಗೆ ಚಂದ್ರನಲ್ಲಿ ಮೊಲ ಕಂಡ ಹಾಗೆ ಅವರಿಗೆ ಅಜ್ಜಿ ಕಂಡಿದ್ದಾಳೆ.

ನನ್ನ ಪಕ್ಕದಲ್ಲಿ ಕೂತಿದ್ದ ಯಜಮಾನರೊಬ್ಬರು ಕೇಳಿದರು, "ಅಲ್ಲಮ್ಮ, ಇದು ಚಂದ್ರನೇ ಅಂತ ಹೇಗೆ ಹೇಳ್ತೀರಿ? ಬಾಳೆಹಣ್ಣೂ ಆಗಬಹುದಲ್ಲ?" ಒಳ್ಳೆಯ ಪ್ರಶ್ನೆ. ಉತ್ತರ ಇನ್ನೂ ಚೆನ್ನಾಗಿತ್ತು. ಆಕಾರ ನೋಡಿ ಹೇಳುತ್ತಿಲ್ಲ ಸರ್, ಲೆಕ್ಕ ನೋಡಿ ಹೇಳುತ್ತಿದ್ದೇವೆ ಅಂದರು ಮೇಡಂ. ದ್ವೀಪದವರು ಪ್ರತಿ ರಾತ್ರಿಗೂ ಇಟ್ಟ ಹೆಸರುಗಳನ್ನು 1886ರಲ್ಲಿ ಅಮೆರಿಕದ ಹಡಗಿನಲ್ಲಿ ಬಂದ ಥಾಮ್ಸನ್ ಬರೆದುಕೊಂಡಿದ್ದ. ಮುಂದೆ ಬೇರೆಯವರೂ ಬರೆದುಕೊಂಡರು. ಹಲಗೆಗೂ ಆ ಪಟ್ಟಿಗಳಿಗೂ ಸಂಬಂಧವೇ ಇಲ್ಲ, ಆದರೂ ಎರಡರ ಎಣಿಕೆ ಹೊಂದುತ್ತದೆ. 28 ರಾತ್ರಿ, ಜೊತೆಗೆ ತಿಂಗಳು ಉದ್ದವಾದರೆ ಸೇರಿಸಿಕೊಳ್ಳಲು ಎರಡು ಹೆಚ್ಚುವರಿ ರಾತ್ರಿ. "ನಮ್ಮ ಪಂಚಾಂಗದವರು ತಿಥಿ ಹೊಂದಿಸುವ ಹಾಗೇ ಬಿಡಿ" ಅಂತ ಯಜಮಾನರು ತಲೆಯಾಡಿಸಿದರು. ಇಷ್ಟಾದರೂ ಆ ಗುರುತುಗಳನ್ನು ಬಾಯಲ್ಲಿ ಹೇಗೆ ಉಚ್ಚರಿಸುತ್ತಿದ್ದರು ಅಂತ ಯಾರೂ ಓದಿ ಹೇಳಲಾರರು. ವಿಷಯ ಗೊತ್ತು, ಮಾತು ಗೊತ್ತಿಲ್ಲ. ಈ ವ್ಯತ್ಯಾಸವನ್ನು ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಊಟಕ್ಕೆ ಮುಂಚೆ ಸೌರಮಾನಕ್ಕೆ ಪೀಠಿಕೆ ಅಂತ ಅವರು ಎತ್ತಿಕೊಂಡದ್ದು ಅಲ್ಲೇ ಹತ್ತಿರದ ಗವಿಪುರದ ಗವಿ ಗಂಗಾಧರೇಶ್ವರ ಗುಡಿ. ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವಿನಿಂದ ಬಿಸಿಲು ಲಿಂಗದ ಮೇಲೆ ಬೀಳುವುದು ಎಲ್ಲರಿಗೂ ಗೊತ್ತು. ನವೆಂಬರ್ ಕೊನೆಯಲ್ಲೂ ಬೀಳುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಡಿಸೆಂಬರ್ 21ರಿಂದ ಹಿಂದಕ್ಕೆ ಎಣಿಸಿ, ಮುಂದಕ್ಕೂ ಎಣಿಸಿ, ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ದಿನಗಳು ಸಿಗುತ್ತವೆ. ಸೂರ್ಯ ದಕ್ಷಿಣದ ತುದಿಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುತ್ತಾನಲ್ಲ, ಅದಕ್ಕೆ. ಸೌರಮಾನಕ್ಕೆ ಸಾಕ್ಷಿ ಅಂದರೆ ಇಂಥದ್ದು, ಲೆಕ್ಕ ಹಾಕಿ ಪರೀಕ್ಷೆ ಮಾಡುವ ಹಾಗಿರಬೇಕು.

ಬಿಸಿಬೇಳೆ ಬಾತ್ ಚೆನ್ನಾಗಿತ್ತು.

ಮಧ್ಯಾಹ್ನ ಬೇರೊಬ್ಬರು ಅತಿಥಿಯಾಗಿ ಬಂದರು, ಇಲ್ಲಿಂದ ಎಲ್ಲವೂ ಹಳಿ ತಪ್ಪಿತು. ಸುತ್ತ ಕಿರಣ ಮೂಡಿದಂತಿರುವ ಒಂದು ಗುರುತನ್ನು ಪರದೆ ಮೇಲೆ ತೋರಿಸಿ ಇದು ಸೂರ್ಯ ಅಂದರು. ಪಕ್ಕದ ಹಕ್ಕಿ ಋತು, ಅದರ ಪಕ್ಕದ ಕೈ "ಹಿಡಿದು ನಿಲ್ಲಿಸು", ಆದ್ದರಿಂದ ಇದು ಸೂರ್ಯ ತಿರುಗುವ ದಿನ. ಹೀಗೇ ಒಂದೂವರೆ ಗಂಟೆ. ಇನ್ನೊಂದು ಹಲಗೆಯಲ್ಲಿ ಅದೇ ಗುರುತು ಬಂದಾಗ ನಕ್ಷತ್ರ ಅಂದರು. ನಾನು ಎದ್ದು ಕೇಳಿದೆ, ಸರ್, ಅಲ್ಲಿ ಸೂರ್ಯ, ಇಲ್ಲಿ ನಕ್ಷತ್ರ, ಯಾವ ಆಧಾರದ ಮೇಲೆ? "ಸಂದರ್ಭ ನೋಡಬೇಕು" ಅಂದರು. ಸುತ್ತಲಿನ ಗುರುತುಗಳನ್ನೂ ಯಾರೂ ಓದಿಲ್ಲವಲ್ಲ, ಸಂದರ್ಭ ಎಲ್ಲಿಂದ ಬಂತು? ಅದಕ್ಕೆ ಉತ್ತರ ಬರಲಿಲ್ಲ.

ಇದಕ್ಕಿಂತ ಜಾಸ್ತಿ ಬೇಸರವಾದದ್ದು ಅವರ ಚಿತ್ರಪಟ. ಜೂನ್ 21ನ್ನು ವರ್ಷದ ಅತಿ ಉದ್ದದ ಹಗಲು ಅಂತ ಹಾಕಿದ್ದರು. ಅದು ಬೆಂಗಳೂರಿಗೆ ಸರಿ. ಈಸ್ಟರ್ ದ್ವೀಪ ಇರುವುದು ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ 27 ಡಿಗ್ರಿಯಲ್ಲಿ. ಅಲ್ಲಿ ಜೂನ್ ಅಂದರೆ ಚಳಿಗಾಲ, ಅವತ್ತು ವರ್ಷದ ಅತಿ ಚಿಕ್ಕ ಹಗಲು. ನಮ್ಮ ನೆತ್ತಿ ಮೇಲೆ ವರ್ಷಕ್ಕೆ ಎರಡು ಸಲ ಬರುವ ಸೂರ್ಯ ಅವರ ನೆತ್ತಿ ಮೇಲೆ ಬರುವುದೇ ಇಲ್ಲ, ನಡುಮಧ್ಯಾಹ್ನವೂ ಉತ್ತರದ ಕಡೆಗೇ ವಾಲಿರುತ್ತಾನೆ. ಸೌರಮಾನ ಕಲಿಸಲು ಬಂದವರು ಇದನ್ನು ತಪ್ಪಿಸಿದರೆ ಹೇಗೆ?

ದ್ವೀಪದವರು ಸೂರ್ಯನನ್ನು ಗಮನಿಸುತ್ತಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಅಹು ಅಕಿವಿ ಅನ್ನುವಲ್ಲಿ ಸಾಲಾಗಿ ನಿಂತ 7 ಕಲ್ಲಿನ ಮೂರ್ತಿಗಳ ಮುಖ, ಹಗಲು ರಾತ್ರಿ ಸಮವಾಗುವ ದಿನ ಸೂರ್ಯ ಮುಳುಗುವ ಕಡೆಗಿದೆ. ಅದನ್ನು ಅಳೆದು ನೋಡಬಹುದು. ಆದರೆ ಕಲ್ಲು ಸೂರ್ಯನ ಕಡೆ ನೋಡುತ್ತಿದೆ ಅಂದ ಮಾತ್ರಕ್ಕೆ ಹಲಗೆಯ ಮೇಲಿನ ಪ್ರತಿ ದುಂಡಗಿನ ಗುರುತೂ ಸೂರ್ಯ ಆಗುವುದಿಲ್ಲ. 1870ರ ದಶಕದಲ್ಲಿ ತಾಹಿತಿಯ ಬಿಷಪ್ ಜೋಸೆನ್ ಮುಂದೆ ಮೆತೊರೊ ಅನ್ನುವ ದ್ವೀಪವಾಸಿ ಹಲಗೆಗಳನ್ನು ಹಿಡಿದು ಹಾಡಿದ್ದ. ಬಿಷಪ್ ಬರೆದುಕೊಂಡದ್ದನ್ನು ನೋಡಿದರೆ ಅವನು ಹೆಚ್ಚಾಗಿ ಚಿತ್ರದಲ್ಲಿ ಕಂಡದ್ದನ್ನೇ ಹೇಳುತ್ತಾ ಹೋಗಿದ್ದಾನೆ, ಹಕ್ಕಿ, ಮನುಷ್ಯ, ಮೀನು ಅಂತ. ಆ ದಾರಿಯಲ್ಲಿ ಓದು ಸಿಗಲಿಲ್ಲ. ಬೆಳಗ್ಗೆ ಇದನ್ನೇ ಪಾಠ ಮಾಡಿ ಮಧ್ಯಾಹ್ನ ಅದೇ ದಾರಿ ಹಿಡಿಸಿದ್ದು ನನಗೆ ನುಂಗಲಾಗಲಿಲ್ಲ. ಮುಂದಿನ ಸಾಲಿನಲ್ಲಿ ಹೈಸ್ಕೂಲ್ ಹುಡುಗಿಯೊಬ್ಬಳು ಅಮ್ಮನ ಜೊತೆ ಬಂದಿದ್ದಳು. ಅವಳು ಆ ಅರ್ಥಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದುಕೊಳ್ಳುತ್ತಿದ್ದಳು. ಅದನ್ನು ನೋಡಿಯೇ ನಾನು ಎದ್ದು ಪ್ರಶ್ನೆ ಕೇಳಿದ್ದು.

ಉಳಿದ ವಿಷಯ ಬೇಗ ಹೇಳುತ್ತೇನೆ. ಪಾಠ ಪೂರ್ತಿ ಕನ್ನಡದಲ್ಲಿ, ಆದರೆ ಕೊಟ್ಟ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿ, ಇದು ಬದಲಾಗಬೇಕು. ಜೆರಾಕ್ಸಿನಲ್ಲಿ ತಲೆಕೆಳಗಿನ ಸಾಲುಗಳನ್ನು ಅವರೇ ನೆಟ್ಟಗೆ ಮಾಡಿ ಮುದ್ರಿಸಿದ್ದರು. ದಯವಿಟ್ಟು ಹಾಗೆ ಮಾಡಬೇಡಿ, ತಿರುಗಿಸುವುದೇ ಅದರ ಓದು. ಗಾಡಿ ನಿಲ್ಲಿಸಲು ಜಾಗ ಇಲ್ಲ, ನ್ಯಾಷನಲ್ ಕಾಲೇಜ್ ಮೆಟ್ರೊದಲ್ಲಿ ಇಳಿದು ನಡೆಯುವುದೇ ಸುಲಭ. ಲಿಫ್ಟ್ ಇಲ್ಲ, ಯಜಮಾನರು ಮೆಟ್ಟಿಲಲ್ಲಿ ಎರಡು ಸಲ ನಿಂತರು.

ಬೆಳಗಿಗೆ ಐದಕ್ಕೆ ಐದು, ಮಧ್ಯಾಹ್ನಕ್ಕೆ ಒಂದು. ಮುಂದಿನ ತಿಂಗಳು ಇನ್ನೊಂದು ತಂಡ ಮಾಡುತ್ತಾರಂತೆ. ಬೆಳಗಿನ ಪಾಠಕ್ಕೆ ಮಾತ್ರ ಅರ್ಧ ಫೀಸಿಗೆ ಸೇರಿಸಿಕೊಳ್ಳಿ ಅಂತ ನಾನು ಕೇಳಿದ್ದೇನೆ, ನೋಡೋಣ ಅಂದಿದ್ದಾರೆ. ನೀವೂ ಕೇಳಿ. ಊಟ ಮುಗಿಸಿ ಅಲ್ಲಿಂದ ಗವಿಪುರಕ್ಕೆ ನಡೆದುಕೊಂಡು ಹೋಗಿ, ಅಂಗಳದ ಸೂರ್ಯಪಾನ ಚಂದ್ರಪಾನದ ಕಲ್ಲಿನ ತಟ್ಟೆಗಳ ಹತ್ತಿರ ಸ್ವಲ್ಪ ಹೊತ್ತು ನಿಂತು ಬನ್ನಿ. ಗುಡಿ ತೆರೆಯುವ ಹೊತ್ತು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.